ಮೂರನೇ ಬೆಂಚಿನ ರೇಡಿಯೋ

ನಮ್ಮ ಹೆಡ್ಮಾಸ್ತರರಿಗೆ ಸ್ಟಾಫ್‌ರೂಮಿನಲ್ಲಿ ನಾವಿಟ್ಟ ಹೆಸರು ಪ್ರಾಸ್ತಾವಿಕ. ಯಾವ ಸಭೆಯಾದರೂ ಸರಿ, ‘ಎರಡೇ ಮಾತಲ್ಲಿ ಮುಗಿಸ್ತೀನಿ’ ಎಂದು ಮೈಕು ಹಿಡಿದರೆ ಹಿಂದಿನ ಸಾಲಿನ ಮಕ್ಕಳು ಒಂದು ನಿದ್ದೆ ತೆಗೆದು ಏಳುತ್ತಿದ್ದರು. ನನಗೆ ಮಕ್ಕಳು ಇಟ್ಟ ಹೆಸರು ಗುಡುಗು. ನಾನು ವಿಜ್ಞಾನದ ಟೀಚರು, ಗಂಟಲು ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೈಯೂ ಸಣ್ಣದಲ್ಲ. ಹಾಗಾಗಿ ಹೆಸರಿನ ಬಗ್ಗೆ ನನ್ನದೇನೂ ತಕರಾರಿಲ್ಲ.

ರೇಡಿಯೋ ಏಳನೇ ತರಗತಿಯವಳು. ಮೂರನೇ ಬೆಂಚು, ಕಿಟಕಿಯ ಪಕ್ಕ. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಪಾಠದ ನಡುವೆ ಪ್ರಶ್ನೆ, ಪ್ರಶ್ನೆಯ ನಡುವೆ ಜೋಕು, ಜೋಕಿನ ನಡುವೆ ನಗು. ಅವಳ ಪಕ್ಕ ಕೂರುತ್ತಿದ್ದ ಹುಡುಗಿ ಇದಕ್ಕೆ ಪೂರ್ತಿ ತದ್ವಿರುದ್ಧ. ಹಾಜರಿ ಕರೆದರೆ ಅವಳ ತುಟಿ ಅಲ್ಲಾಡಿದ್ದನ್ನು ನೋಡಿಯೇ ನಾನು ಗುರುತು ಹಾಕಿಕೊಳ್ಳಬೇಕಿತ್ತು. ಅವಳ ಹೆಸರು ಪಿಸುಮಾತು ಎಂದಾಯಿತು. ರೇಡಿಯೋ ಮತ್ತು ಪಿಸುಮಾತು ಒಬ್ಬರನ್ನೊಬ್ಬರು ಬಿಟ್ಟು ನೀರು ಕುಡಿಯಲೂ ಹೋಗುತ್ತಿರಲಿಲ್ಲ.

ರೇಡಿಯೋಗೆ ಬಂದ ಕಾಯಿಲೆ ರಕ್ತದ್ದು. ಡಾಕ್ಟರು ಏನೇನೋ ಉದ್ದದ ಹೆಸರು ಹೇಳಿದರು. ಜನರ ನಡುವೆ ಕೂರಬಾರದು, ಯಾರಿಗಾದರೂ ಶೀತವಾಗಿದ್ದರೂ ಇವಳಿಗೆ ಅಪಾಯ ಎಂದರು. ಮನೆಯಲ್ಲಿ ಇದ್ದದ್ದು ಅವಳು, ಅವಳಮ್ಮ, ಇಬ್ಬರೇ. ಅಮ್ಮ ಬಟ್ಟೆ ಹೊಲಿಯುತ್ತಾರೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಕಾಲಿನಿಂದ ತುಳಿಯುವ ಹಳೇ ಮಷೀನು, ಅದರ ಪಕ್ಕದಲ್ಲೇ ಮಗಳ ಮಂಚ. ನಾನು ನೋಡಲು ಹೋದ ದಿನ ಆ ಹುಡುಗಿ ಕೇಳಿದ ಮೊದಲನೇ ಮಾತು, “ಟೀಚರ್, ನಾನಿಲ್ಲ ಅಂತ ಕ್ಲಾಸಲ್ಲಿ ಎಲ್ಲ ತೆಪ್ಪಗೆ ಕೂತಿರ್ತಾರಾ?”

“ತೆಪ್ಪಗಿರ್ತಾರೆ. ನನಗೇ ಬೇಜಾರಾಗಿ ನಿದ್ದೆ ಬರತ್ತೆ” ಎಂದೆ. ಅದು ಸುಳ್ಳಲ್ಲ.

ಮರುದಿನ ನನ್ನ ಹಳೇ ಫೋನೊಂದನ್ನು ಅವಳಿಗೆ ಕೊಟ್ಟೆ, ಶಾಲೆಯ ಕಪಾಟಿನಲ್ಲಿ ಬಿದ್ದಿದ್ದ ಇನ್ನೊಂದನ್ನು ಅವಳ ಜಾಗದಲ್ಲಿ ಇಟ್ಟೆ. ತಂತ್ರಜ್ಞಾನ ಅಂದರೆ ಇಷ್ಟೇ. ಪಿಸುಮಾತು ಜಾಮಿಟ್ರಿ ಬಾಕ್ಸಿನ ಮುಚ್ಚಳ ತೆರೆದು, ಸ್ಕೇಲು ಅಡ್ಡ ಕೊಟ್ಟು, ಫೋನು ಬೀಳದ ಹಾಗೆ ನಿಲ್ಲಿಸಿದಳು. ಮೊದಲ ಬೆಲ್ಲಿಗೆ ಫೋನು ಬೆಂಚಿಗೆ ಬರುತ್ತಿತ್ತು. ಹಾಜರಿ ಕರೆದಾಗ ಅದರೊಳಗಿಂದ “ಪ್ರೆಸೆಂಟ್ ಟೀಚರ್!” ಎಂದು ಕೂಗು ಬಂದರೆ ಇಡೀ ತರಗತಿ ಹೋ ಎನ್ನುತ್ತಿತ್ತು. ಆಟದ ಬಯಲಿಗೆ ಹೋದರೆ ಫೋನೂ ಹೋಗುತ್ತಿತ್ತು. ಊಟದ ಹೊತ್ತಿಗೆ ಡಬ್ಬಿಗಳ ನಡುವೆ ಅದಕ್ಕೂ ಒಂದು ಜಾಗ. ಒಬ್ಬ ಹುಡುಗ ಕಿಡಿಗೇಡಿತನ ಮಾಡಿದ್ದಕ್ಕೆ ಇಡೀ ತರಗತಿಯನ್ನು ನಾನು ಹೊರಗೆ ನಿಲ್ಲಿಸಿದ ದಿನ ಫೋನೂ ವರಾಂಡದಲ್ಲಿ ನಿಂತಿತ್ತು. “ನಾನೇನು ಮಾಡಿದೆ ಟೀಚರ್?” ಎಂದು ಅದು ಕೇಳಿದಾಗ ನನಗೂ ನಗು ತಡೆಯಲಾಗಲಿಲ್ಲ.

“ನೋಡಿ, ನಿಜವಾಗ್ಲೂ ರೇಡಿಯೋ ಆಗ್ಬಿಟ್ಟೆ” ಎಂದು ಅವಳೇ ಹೇಳಿಕೊಂಡಳು.

ಅವಳ ಮಾತಿನ ಹಿಂದೆ ಯಾವಾಗಲೂ ಕಟಕಟ ಎಂದು ಮಷೀನಿನ ಸದ್ದು ಬರುತ್ತಿತ್ತು. ಆ ತಾಯಿಯನ್ನು ನಮ್ಮ ಮಕ್ಕಳು ಹೆಚ್ಚಿನವರು ನೋಡಿರಲಿಲ್ಲ, ಆದರೆ ಸದ್ದು ಕೇಳಿಯೇ ‘ಇವತ್ತು ಆಂಟಿಗೆ ಅರ್ಜೆಂಟ್ ಇದೆ’ ಎನ್ನುವಷ್ಟು ಬಲ್ಲವರಾಗಿದ್ದರು. ಟೆಸ್ಟ್ ಇದ್ದ ದಿನ ಮಷೀನು ತಾನಾಗಿ ನಿಲ್ಲುತ್ತಿತ್ತು. ಹೊಲಿಗೆ ನಿಲ್ಲಿಸಿದರೂ ಅವರ ಕಾಲು ನಿಲ್ಲುವುದಿಲ್ಲ ಎಂದು ರೇಡಿಯೋ ಚಾಡಿ ಹೇಳುತ್ತಿದ್ದಳು. “ಅಮ್ಮ ಚಿಂತೆ ಮಾಡ್ತಿದ್ರೆ ಕುರ್ಚಿ ಮೇಲೆ ಕೂತೂ ತುಳೀತಾಳೆ. ನಿದ್ದೇಲೂ ತುಳೀತಾಳೆ. ಮಂಚ ಅಲ್ಲಾಡತ್ತೆ.” ಹಿಂದಿನಿಂದ ತಾಯಿಯ ಧ್ವನಿ, “ನಿನ್ನ ನಾಲಿಗೆ ಅಲ್ಲಾಡೋದಕ್ಕಿಂತ ವಾಸಿ ಬಿಡು!”

ಔಷಧಿ ಬದಲಾದ ಮೇಲೆ ಕೂದಲು ಉದುರಿತು. ಅಂದಿನಿಂದ ಅವಳು ತನ್ನ ಕಡೆಯ ಕ್ಯಾಮೆರಾ ಮುಚ್ಚಿಬಿಟ್ಟಳು. ನಾವು ಅವಳಿಗೆ ಕಾಣುತ್ತಿದ್ದೆವು, ಅವಳು ನಮಗೆ ಕಾಣುತ್ತಿರಲಿಲ್ಲ. ಪರದೆಯ ಮೇಲೆ ಬರೀ ಕಪ್ಪು. ಪಿಸುಮಾತು ಒಂದು ಕಾಗದದ ಮೇಲೆ ರೇಡಿಯೋ ಚಿತ್ರ ಬರೆದು ಆ ಕಪ್ಪಿನ ಮೇಲೆ ಅಂಟಿಸಿದಳು. ಯಾರೂ ಏನೂ ಕೇಳಲಿಲ್ಲ. ಮಕ್ಕಳಿಗೆ ಕೆಲವು ವಿಷಯ ನಾವು ಕಲಿಸಬೇಕಾಗಿಲ್ಲ.

ಅದೇ ಔಷಧಿಯಿಂದ ಪಾಠದ ನಡುವೆ ಅವಳಿಗೆ ನಿದ್ದೆ ಬರುತ್ತಿತ್ತು. ತಪ್ಪಿಹೋದದ್ದನ್ನು ಸಂಜೆ ಕೇಳಲಿ ಎಂದು ಪಿಸುಮಾತು ಪಾಠಗಳನ್ನು ರೆಕಾರ್ಡ್ ಮಾಡತೊಡಗಿದಳು. ಮುಂದೆ ನಾನು ಹೇಳಬೇಕಾದದ್ದು ಇದರ ಮೇಲೇ ನಿಂತಿದೆ.

ಸ್ಪರ್ಧೆಯ ಸುತ್ತೋಲೆ ಬಂದದ್ದು ಈ ಹೊತ್ತಿನಲ್ಲಿ. ಶಾಲಾ ಬೋಧನೆಯಲ್ಲಿ ತಂತ್ರಜ್ಞಾನದ ನವೀನ ಬಳಕೆಗೆ ಪ್ರಶಸ್ತಿ. ಗೆದ್ದ ಶಾಲೆಗೆ ಒಂದು ಕೋಣೆ ತುಂಬ ಕಂಪ್ಯೂಟರು. ನಮ್ಮ ಶಾಲೆಯ ಲ್ಯಾಬಿನಲ್ಲಿ ಮೂರು ಕಂಪ್ಯೂಟರು, ಅದರಲ್ಲಿ ಒಂದಕ್ಕೆ ಮಾತ್ರ ಜೀವ. ಅದನ್ನು ಆನ್ ಮಾಡಿ ಚಹಾ ಕುಡಿದು ಬಂದರೆ ಪರದೆ ಬೆಳಗಿರುತ್ತಿತ್ತು. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂದು ನಾನು ಸುತ್ತೋಲೆಯನ್ನು ಪಕ್ಕಕ್ಕೆ ತಳ್ಳಿದೆ. ಪ್ರಾಸ್ತಾವಿಕರು ಅದನ್ನು ಮತ್ತೆ ನನ್ನ ಮುಂದೆ ಇಟ್ಟರು.

“ಮೇಡಂ, ಆ ಬೆಂಚಿನ ಮೇಲಿರೋದು ನವೀನ ಬಳಕೆ ಅಲ್ಲದೆ ಇನ್ನೇನು?”

“ಸರ್, ಅದು ಒಂದು ಹುಡುಗಿ. ಬಳಕೆ ಅಲ್ಲ.”

“ಅವಳನ್ನೇ ಕೇಳೋಣ, ಆಗಬಹುದಾ?”

ಅವಳನ್ನು ಕೇಳಿದ್ದೇ ತಡ, ಮಂಚದ ಮೇಲೆ ಕುಣಿಯುವುದೊಂದು ಬಾಕಿ. ಅರ್ಜಿ ಹೋಯಿತು, ಮೊದಲ ಸುತ್ತು ದಾಟಿತು. ಕೊನೆಯ ಸುತ್ತು ದೊಡ್ಡ ಸಭಾಂಗಣದಲ್ಲಿ. ವೇದಿಕೆಯ ಮೇಲೆ ನಾನು ಪಾಠ ಮಾಡಬೇಕು, ಪರದೆಯ ಮೇಲೆ ರೇಡಿಯೋ ಮನೆಯಿಂದ ಉತ್ತರ ಕೊಡಬೇಕು. ಅಂದು ಮಾತ್ರ ಕ್ಯಾಮೆರಾ ತೆರೆಯುತ್ತೇನೆ, ಮುಖ ತೋರಿಸುತ್ತೇನೆ ಎಂದು, ಅಮ್ಮ ಹೊಲಿದ ಬಟ್ಟೆ ಕೊಡಲು ಹೊರಗೆ ಹೋದ ಹೊತ್ತು ನೋಡಿ, ಅವಳು ಘೋಷಿಸಿದಳು. ಅದಕ್ಕೆ ಹೊಸ ಫ್ರಾಕು ಬೇಕು, ಅದೇ ಬಟ್ಟೆಯ ಟೋಪಿ ಬೇಕು.

“ಮೇಲಿನ ಅರ್ಧ ಹೊಲಿ ಸಾಕಮ್ಮ” ಎಂದಳು. “ಪರದೆ ಮೇಲೆ ಅಷ್ಟೇ ಕಾಣೋದು. ಕೆಳಗಿಂದು ದಂಡ.”

“ಅರ್ಧ ಬಟ್ಟೆ ಹೊಲಿಯೋ ದರ್ಜಿ ನಾನಲ್ಲ” ಎಂದರು ತಾಯಿ. ಈ ಜಗಳ ತರಗತಿಗೆಲ್ಲ ಕೇಳಿಸಿತು. ಮಕ್ಕಳು ಎರಡು ಪಂಗಡವಾಗಿ ವಾದ ಮಾಡಿದರು. ನಾನು ತಾಯಿಯ ಪಕ್ಷ.

ಫ್ರಾಕಿನ ಕೆಳಗಿನ ಅಂಚು ಮಡಚಿ ಹೊಲಿಯುವುದೊಂದು ಉಳಿದಿತ್ತು. ಅಷ್ಟರಲ್ಲಿ ಜ್ವರ ಬಂತು. ಒಂದು ಬೆಳಿಗ್ಗೆ ಹಾಜರಿ ಕರೆದಾಗ ಫೋನು ಮಾತಾಡಲಿಲ್ಲ. ನಿದ್ದೆ ಬಂದಿರಬೇಕು ಎಂದು ಮುಂದಿನ ಹೆಸರಿಗೆ ಹೋದೆ. ಅವಳು ಆಸ್ಪತ್ರೆಯಲ್ಲಿದ್ದಳು. ಅಲ್ಲಿಂದ ವಾಪಸ್ ಬರಲಿಲ್ಲ.

ಮಗು ಸತ್ತರೆ ದೊಡ್ಡವರು ಆಡುವ ಮಾತುಗಳೆಲ್ಲ ನನಗೆ ಗೊತ್ತು. ನೋವಿನಿಂದ ಬಿಡುಗಡೆಯಾಯಿತು, ಅಷ್ಟೇ ಋಣ ಇತ್ತು, ಹೀಗೆ. ಸ್ಟಾಫ್‌ರೂಮಿನಲ್ಲಿ ಒಬ್ಬರು ಹಾಗೆ ಅಂದಾಗ ನಾನು ಗುಡುಗಿದ ಗುಡುಗಿಗೆ ಅವರು ಚಹಾ ಲೋಟ ಕೆಳಗಿಟ್ಟು ಹೊರಗೆ ಹೋದರು. ನನಗೆ ಯಾವ ಸಮಾಧಾನವೂ ಬೇಕಿರಲಿಲ್ಲ. ನನಗೆ ದುಃಖವಾಗಿತ್ತು, ಅಷ್ಟೇ. ಪಿಸುಮಾತು ಮಾತ್ರ ಪ್ರತಿದಿನ ಮೊದಲ ಬೆಲ್ಲಿಗೆ ಫೋನನ್ನು ತಂದು ಜಾಮಿಟ್ರಿ ಬಾಕ್ಸಿಗೆ ಒರಗಿಸಿ ನಿಲ್ಲಿಸುತ್ತಲೇ ಇದ್ದಳು. ಬೇಡ ಎನ್ನಲು ನನ್ನ ದೊಡ್ಡ ಗಂಟಲಿಗೆ ಆಗಲಿಲ್ಲ.

ಕೊನೆಯ ಸುತ್ತು ಹತ್ತಿರ ಬಂದಿತ್ತು. ಹೆಡ್ಮಾಸ್ತರರು ನನ್ನನ್ನು ತಮ್ಮ ಕೋಣೆಗೆ ಕರೆಸಿ, ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತರು. ಕೊನೆಗೆ ಬಾಯಿಬಿಟ್ಟರು.

“ಮೇಡಂ, ಕೋಪ ಮಾಡ್ಕೋಬೇಡಿ. ಆ ಪಕ್ಕದ ಹುಡುಗಿ ಇದಾಳಲ್ಲ, ಅವಳನ್ನ ಬೇರೆ ಕೋಣೇಲಿ ಕೂರಿಸಿ, ಟೋಪಿ ಹಾಕಿ...”

ಅವರು ವಾಕ್ಯ ಮುಗಿಸಲಿಲ್ಲ. ನಾನು ಮುಗಿಸಲು ಬಿಡಲಿಲ್ಲ. ಆ ದಿನ ನಾನು ಆಡಿದ್ದನ್ನು ಬರೆಯುವುದು ಬೇಡ, ವರಾಂಡದಲ್ಲಿ ಹೋಗುತ್ತಿದ್ದ ಐದನೇ ತರಗತಿ ಸಾಲು ಮುರಿದು ಓಡಿತು ಎಂದರೆ ಸಾಕು. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಆಮೇಲೆ, “ಆ ಕಂಪ್ಯೂಟರು ಬಂದಿದ್ರೆ ಆ ಕೋಣೆಗೆ ಅವಳ ಹೆಸರು ಇಡೋಣ ಅಂತಿದ್ದೆ” ಎಂದರು. ದಿನಾ ಬೆಳಿಗ್ಗೆ ನಮ್ಮ ತರಗತಿಯ ಬಾಗಿಲಲ್ಲಿ ಇಣುಕಿ, ‘ರೇಡಿಯೋ ಸ್ಟೇಷನ್ ಶುರುವಾಯ್ತಾ?’ ಎಂದು ಕೇಳಿ ಹೋಗುತ್ತಿದ್ದ ಮನುಷ್ಯ. ಅವರ ಕಣ್ಣು ಕೆಂಪಾಗಿತ್ತು. ನಾನು ಕುರ್ಚಿ ಎಳೆದು ಕೂತೆ. ಸ್ಪರ್ಧೆಯಿಂದ ಹಿಂದೆ ಸರಿಯುತ್ತೇವೆ ಎಂದು ಬರೆಯೋಣ ಎಂದು ಇಬ್ಬರೂ ಒಪ್ಪಿದೆವು.

ಆ ಪತ್ರ ಕಳಿಸುವ ಮೊದಲೇ ತಾಯಿ ಶಾಲೆಗೆ ಬಂದರು. ನಾನು ಕೊಟ್ಟಿದ್ದ ಹಳೇ ಫೋನನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿ ತಂದಿದ್ದರು. ಚೀಲವನ್ನೂ ಹೊಸದಾಗಿ ಹೊಲಿದಿದ್ದರು. ಸ್ಟಾಫ್‌ರೂಮಿನ ಕುರ್ಚಿಯ ತುದಿಯಲ್ಲಿ ಕೂತರು. ಮೇಜಿನ ಕೆಳಗೆ ಅವರ ಬಲಗಾಲಿನ ಪಾದ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಮಗಳು ಹೇಳಿದ್ದು ಚಾಡಿಯಾಗಿರಲಿಲ್ಲ.

“ಟೀಚರ್, ಸ್ಪರ್ಧೆ ಬಿಡ್ತೀರಂತೆ?”

“ಹೌದಮ್ಮ. ಇನ್ನು ಯಾಕೆ ಅದು?”

“ಬಿಡಬೇಡಿ. ಅವಳನ್ನ ಆ ದೊಡ್ಡ ಪರದೆ ಮೇಲೆ ನಾನು ಒಂದ್ಸಲ ನೋಡಬೇಕು.”

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು.

“ಕಾಯಿಲೆ ಬಂದ್ಮೇಲೆ ಒಂದು ಫೋಟೋ ತೆಗೆಯೋಕೂ ಬಿಡ್ಲಿಲ್ಲ ನನಗೆ. ಈಗ ಕಣ್ಣು ಮುಚ್ಚಿದ್ರೆ ಆಸ್ಪತ್ರೇಲಿ ನೋಡಿದ ಮುಖವೇ ಬರತ್ತೆ. ಮೂಗಿಗೆ ಪೈಪು, ಬಾಯಿ ಒಣಗಿ... ಅದು ನನ್ನ ಮಗಳ ಮುಖ ಅಲ್ಲ ಟೀಚರ್. ಮನೇಲಿ ಪಾಠ ಕೇಳ್ತಾ ನಗ್ತಿದ್ದಳಲ್ಲ, ಅದು ಅವಳ ಮುಖ. ನಾನು ತಲೆ ಬಗ್ಗಿಸ್ಕೊಂಡು ಹೊಲೀತಾನೇ ಇದ್ದೆ, ಸರಿಯಾಗಿ ನೋಡ್ಲೇ ಇಲ್ಲ. ದಿನವಿಡೀ ಫೋನು ಅವಳ ಮುಖದ ಮುಂದೇನೇ ಇರ್ತಿತ್ತು. ಪಾಠ ಎಲ್ಲಾ ರೆಕಾರ್ಡ್ ಆಗತ್ತೆ ಅಂತಿದ್ಲು. ಅದರಲ್ಲಿ ಇರತ್ತಲ್ವಾ ಮುಖ?”

ಕ್ಯಾಮೆರಾ ಮುಚ್ಚಿದ್ದ ವಿಷಯ ಅವರಿಗೆ ಗೊತ್ತಿರಲಿಲ್ಲ. ಮಗಳು ಹೇಳಿರಲಿಲ್ಲ. ಮುಖದ ಮುಂದೆ ಫೋನು ಇದ್ದರೆ ಮುಖ ಅದರಲ್ಲಿ ಉಳಿದಿರಲೇಬೇಕು ಎಂದು ಯಾವ ತಾಯಿಯಾದರೂ ಅಂದುಕೊಳ್ಳುತ್ತಾಳೆ. ಊರಿಗೆಲ್ಲ ಕೇಳುವಂತೆ ಮಾತಾಡುವ ನಾನು ಆಗ ಮೆಲ್ಲಗೆ, “ಹುಡುಕ್ತೀನಮ್ಮ” ಎಂದೆ.

ಶಾಲೆ ಬಿಟ್ಟ ಮೇಲೆ ಪಿಸುಮಾತನ್ನು ಕೂರಿಸಿಕೊಂಡು ಹುಡುಕಿದೆ. ಒಂದು ಸಂಜೆಗೆ ಮುಗಿಯಲಿಲ್ಲ, ಮರುದಿನವೂ ಕೂತೆವು. ರೆಕಾರ್ಡ್ ಮಾಡಲು ಶುರುಮಾಡಿದ್ದೇ ಕೂದಲು ಹೋದ ಮೇಲೆ. ಎಲ್ಲೋ ಒಮ್ಮೆ ಕೈತಪ್ಪಿ ಕ್ಯಾಮೆರಾ ತೆರೆದಿರಬಹುದು, ಒಂದು ಕ್ಷಣವಾದರೂ ಸಿಗಬಹುದು ಎಂಬ ಆಸೆ. ಸಿಗಲಿಲ್ಲ. ಎಲ್ಲದರಲ್ಲೂ ನಾವೇ. ಕಪ್ಪುಹಲಗೆ, ಮುಂದಿನ ಬೆಂಚಿನವರ ಬೆನ್ನು, ಕಿಟಕಿಯ ಒಂದು ತುಂಡು, ಅದರಾಚೆ ಒಣಗಿದ ಮೈದಾನ. ಮುಖವಿಲ್ಲದ ಆ ಧ್ವನಿ ಮಾತ್ರ ಎಲ್ಲ ಕಡೆಯೂ ಇತ್ತು.

“ಟೀಚರ್” ಎಂದಳು ಪಿಸುಮಾತು. ಅವಳ ಧ್ವನಿ ಆ ಖಾಲಿ ಕೋಣೆಯಲ್ಲಿ ನನಗೆ ಮೊದಲ ಸಲ ಪೂರ್ತಿ ಕೇಳಿಸಿತು. “ನಾನು ಚಿತ್ರ ಅಂಟಿಸಿದ್ದು ತಪ್ಪಾ? ಮುಖ ತೋರ್ಸು ಅಂತ ಹಟ ಮಾಡಿದ್ರೆ ತೋರಿಸ್ತಿದ್ಲೇನೋ.”

“ನೀನು ಮಾಡಿದ್ದೇ ಸರಿ ಕಣೇ” ಎಂದೆ. ಅವಳನ್ನು ಹತ್ತಿರ ಎಳೆದುಕೊಂಡೆ. ಇಬ್ಬರೂ ಅತ್ತೆವು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೇ ಹೋದೆ. ಅವರು ಮಷೀನಿನ ಮುಂದೆ ಕೂತಿದ್ದರು. ಪಕ್ಕದ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು, ಅದರ ಮೇಲೆ ಆ ಫ್ರಾಕು. ಟೋಪಿ ಅದರ ಮೇಲೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

“ಒಂದೂ ಇಲ್ವಾ?”

“ಇಲ್ಲಮ್ಮ.”

ಅವರು ಸೂಜಿಗೆ ದಾರ ಪೋಣಿಸಲು ನೋಡಿದರು. ಆಗಲಿಲ್ಲ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಮತ್ತೆ ನೋಡಿದರು. ನಾನು ದಾರ ತೆಗೆದುಕೊಂಡು ಪೋಣಿಸಿಕೊಟ್ಟೆ.

“ನನ್ನ ಹತ್ರಾನೂ ಮುಚ್ಚಿಟ್ಲಲ್ಲ” ಎಂದರು. ಪೋಣಿಸಿದ ದಾರವನ್ನು ಎಳೆದುಕೊಂಡು, “ಹಾಗಾದ್ರೆ ಆ ಫೋನಲ್ಲಿ ಇರೋದೇನು ಟೀಚರ್?”

“ಅವಳಿಗೆ ಕಾಣ್ತಿದ್ದದ್ದು. ನಮ್ಮ ಕ್ಲಾಸು.”

“ಅವಳು ಏನನ್ನ ನೋಡಿ ಅಷ್ಟು ನಗ್ತಿದ್ಲು ಅಂತ ನನಗೆ ಯಾವತ್ತೂ ಗೊತ್ತಾಗ್ಲಿಲ್ಲ. ಕೇಳಿದ್ರೆ ‘ನಿಂಗೆ ಅರ್ಥ ಆಗಲ್ಲ ಬಿಡಮ್ಮ’ ಅಂತಿದ್ಲು.” ಸೆರಗಿನಿಂದ ಮೂಗು ಒರೆಸಿಕೊಂಡರು. “ಅದನ್ನೇ ತೋರ್ಸಿ.”

ಹೀಗೆ ನಾವು ಸ್ಪರ್ಧೆಗೆ ಹೋದೆವು. ಬಹುಮಾನ ನಮಗೆ ಬರಲಿಲ್ಲ, ಆ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕೈ ಮುಟ್ಟಿಸಿದರೆ ದೇಶಗಳ ಹೆಸರು ಹೇಳುವ ಭೂಗೋಳ ತಂದವರು ಗೆದ್ದರು. ಒಳ್ಳೆಯ ವಸ್ತು. ನಾನೂ ಮುಟ್ಟಿ ನೋಡಿದೆ.

ಸಭಾಂಗಣ ತಣ್ಣಗಿತ್ತು, ಕುರ್ಚಿಗಳು ಮೆತ್ತಗಿದ್ದವು. ತಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ಅವರ ಮಡಿಲಲ್ಲಿ ಬಟ್ಟೆಯ ಚೀಲ. ಅದರ ಬಾಯಿಂದ ಫ್ರಾಕಿನ ಅಂಚು ಇಣುಕುತ್ತಿತ್ತು, ಅಂಚು ಹೊಲಿದು ಮುಗಿಸಿದ್ದರು. ಕಾಲು ಆಗಲೇ ಶುರುವಾಗಿತ್ತು. ಅವರ ಕುರ್ಚಿ ನನ್ನ ಕುರ್ಚಿಗೆ ಸೇರಿದ್ದರಿಂದ ಆ ಅಲುಗಾಟ ನನ್ನ ಬೆನ್ನಿಗೂ ತಾಗುತ್ತಿತ್ತು. ವೇದಿಕೆಯ ಮೇಲೆ ಪಿಸುಮಾತು ಫೋನಿಗೆ ತಂತಿ ಸಿಕ್ಕಿಸುತ್ತಿದ್ದಳು. ತೀರ್ಪುಗಾರರು ಮೂವರು, ಮುಂದೆ ನೀರಿನ ಬಾಟಲಿಗಳು. ಹೆಡ್ಮಾಸ್ತರರು ಮೈಕಿನ ಮುಂದೆ ಬಂದಾಗ ನಾನು ಅಭ್ಯಾಸಬಲದಿಂದ ಕುರ್ಚಿಗೆ ಒರಗಿಕೊಂಡೆ.

“ಈ ಫೋನಿನ ಆ ಕಡೆ ನಮ್ಮ ಒಬ್ಬ ವಿದ್ಯಾರ್ಥಿನಿ ಇದ್ದಳು. ಈಗ ಇಲ್ಲ” ಎಂದರು. ಇನ್ನೂ ಏನೋ ಹೇಳುವವರಂತೆ ಬಾಯಿ ತೆರೆದರು. ಮೈಕನ್ನು ಪಕ್ಕಕ್ಕೆ ಸರಿಸಿ ಕೆಳಗೆ ಇಳಿದು ಬಂದರು. ಅವರ ಜೀವಮಾನದಲ್ಲಿ ನಿಜಕ್ಕೂ ಎರಡೇ ಮಾತಿನಲ್ಲಿ ಮುಗಿಸಿದ ಭಾಷಣ ಅದು.

ದೀಪ ಆರಿತು. ಪರದೆ ತುಂಬ ನಮ್ಮ ಏಳನೇ ತರಗತಿ ಬಂತು.

ನಾನು ಆರಿಸಿದ್ದು ಗ್ರಹಣದ ಪಾಠ. ಪರದೆಯ ಮೇಲಿನ ನಾನು ಒಂದು ಕೈಯಲ್ಲಿ ಚೆಂಡು ಹಿಡಿದು, ಸೂರ್ಯನ ಮುಂದೆ ಚಂದ್ರ ಹೇಗೆ ಅಡ್ಡ ಬರುತ್ತಾನೆ ಎಂದು ಗಂಟಲು ಹರಿದುಕೊಂಡು ಹೇಳುತ್ತ, ಹಲಗೆಯ ಮೇಲೆ ಬರೆದ ಚಿತ್ರದ ಮುಂದೆಯೇ ಹೋಗಿ ನಿಂತಿದ್ದೆ. ಆಗ ಆ ಧ್ವನಿ ಬಂತು. ಸಭಾಂಗಣದ ನಾಲ್ಕೂ ಮೂಲೆಯಿಂದ ಬಂತು.

“ಟೀಚರ್, ಬೋರ್ಡಿಗೆ ಗ್ರಹಣ ಹಿಡಿದಿದೆ! ನೀವು ಸ್ವಲ್ಪ ಸರಿದ್ರೆ ಬಿಡತ್ತೆ!”

ಪರದೆಯ ಮೇಲೆ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಗುತ್ತ ಎಲ್ಲರೂ ಹಿಂದಕ್ಕೆ ತಿರುಗಿದರು, ಫೋನಿನ ಕಡೆಗೆ, ಅವಳ ಕಡೆಗೆ. ಒಬ್ಬ ನಾಲಿಗೆ ಚಾಚಿದ. ಒಬ್ಬಳು ಕೈ ಬೀಸಿದಳು. ಪಿಸುಮಾತು ತನ್ನ ಮುಖವನ್ನು ತೀರ ಹತ್ತಿರ ತಂದು ಏನೋ ಪಿಸುಗುಟ್ಟಿದಳು, ಅತ್ತ ಕಡೆಯಿಂದ ರೇಡಿಯೋ ಬಿಕ್ಕಳಿಕೆ ಬರುವ ಹಾಗೆ ನಕ್ಕಳು. ಪರದೆಯ ಮೇಲಿನ ಆ ಮಕ್ಕಳೆಲ್ಲ ಈಗ ನೇರವಾಗಿ ನನ್ನ ಪಕ್ಕದಲ್ಲಿ ಕೂತ ತಾಯಿಯನ್ನೇ ನೋಡಿ ನಗುತ್ತಿದ್ದರು. ಅವರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು, ಅಳುತ್ತಿದ್ದರು. “ಇದಕ್ಕಾ ನಗ್ತಿದ್ಲು” ಎಂದರು ನನ್ನ ಕಡೆ ಬಾಗಿ. “ಇದಕ್ಕಾ.”

ಪಾಠ ಮುಂದುವರಿಯಿತು. ನಾನು ಸರಿದು ನಿಂತು ಮತ್ತೆ ಚೆಂಡು ಎತ್ತಿದೆ. ಅವಳ ನಗು ನಿಂತ ಮೇಲೆ ಅದರ ಹಿಂದಿನಿಂದ ಕಟಕಟ ಸದ್ದು ಮೇಲೆ ಬಂತು. ನಾನು ಈ ರೆಕಾರ್ಡಿಂಗನ್ನು ಎಷ್ಟೋ ಸಲ ಕೇಳಿದ್ದೆ. ಮುಂದೆ ಬರುವ ಮಾತು ನಮ್ಮ ತರಗತಿಯಲ್ಲಿ ದಿನಾ ಬರುತ್ತಿದ್ದ ಮಾತು, ಅದಕ್ಕೇ ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ. ಕುರ್ಚಿಯ ಕೆಳಗೆ ಅವರ ಕಾಲು ಆ ಸದ್ದಿಗೆ ಸರಿಯಾಗಿ ತುಳಿಯುತ್ತಿತ್ತು.

“ಅಮ್ಮಾ” ಎಂದಿತು ಧ್ವನಿ, ಈ ಸಲ ನಮ್ಮ ಕಡೆಗಲ್ಲ, ಮುಖ ಆಚೆ ತಿರುಗಿಸಿದಂತೆ. “ಒಂದ್ನಿಮಿಷ ನಿಲ್ಸಮ್ಮಾ. ಟೀಚರ್ ಹೇಳೋದು ಕೇಳಿಸ್ತಿಲ್ಲ.”

ರೆಕಾರ್ಡಿಂಗಿನಲ್ಲಿ ಮಷೀನಿನ ಸದ್ದು ನಿಂತಿತು. ನನ್ನ ಪಕ್ಕದಲ್ಲಿ ಆ ಕಾಲೂ ನಿಂತಿತು. ಪಾಠ ಮುಗಿದು ದೀಪ ಹತ್ತುವವರೆಗೂ ಅವರು ಪಾದವನ್ನು ನೆಲಕ್ಕೆ ಒತ್ತಿ ಹಿಡಿದುಕೊಂಡು ಕೂತಿದ್ದರು.